ಮೂರು ದಿನದ ಸರ್ಟಿಫಿಕೇಟ್ ಬೇಡ, ಬುಧವಾರದ ಸಂಜೆ ಕೊಡಿ

ಮಾನ್ಯ ಬಿಷಪ್‌ರವರಿಗೆ, ಸಭೆಯ ಆಡಳಿತ ಸಮಿತಿಯ ಹಿರಿಯರಿಗೆ, ಪಾದ್ರಿಗಳನ್ನು ತಯಾರುಮಾಡುವ ಸೆಮಿನರಿಗಳಲ್ಲಿ ಪಾಠ ಹೇಳುವ ಗುರುಗಳಿಗೆ,

ವಂದನೆಗಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಪಾದ್ರಿಯಲ್ಲ. ಸೆಮಿನರಿಯ ಮೆಟ್ಟಿಲು ಹತ್ತಿದವನೂ ಅಲ್ಲ. ಸಭಾಪಾಲಕರು ಬೇರೆ ಕಡೆ ಹೋದ ಭಾನುವಾರ ಪ್ರಸಂಗ ಮಾಡುತ್ತೇನೆ. ಉಳಿದ ಭಾನುವಾರ ಸಂಡೇ ಸ್ಕೂಲಿನಲ್ಲಿ ಮಕ್ಕಳ ಜೊತೆ ಇರುತ್ತೇನೆ. ವಾರದ ಮಿಕ್ಕ ದಿನ ಲೆಕ್ಕ ಬರೆಯುವ ಕೆಲಸ. ನನ್ನಂಥವರು ಪ್ರತಿ ಸಭೆಯಲ್ಲೂ ಇಬ್ಬರೋ ಮೂವರೋ ಇರುತ್ತಾರೆ, ನಿಮಗೆ ಗೊತ್ತೇ ಇದೆ. ನಮಗಾಗಿ, ಆದರೆ ನಮ್ಮನ್ನು ಕೇಳದೆ, ನೀವು ನಡೆಸುವ ಅಲ್ಪಾವಧಿ ದೈವಶಾಸ್ತ್ರ ತರಬೇತಿಗಳ ಬಗ್ಗೆ ಈ ಪತ್ರ.

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಒಂದು ಮನೆಯಲ್ಲಿ, ಹುಟ್ಟಿದ ನಾಲ್ಕನೇ ದಿನ ಮಗು ತೀರಿಕೊಂಡಿತು. ಸಭಾಪಾಲಕರು ದೂರದಲ್ಲಿದ್ದರು. ನನ್ನನ್ನು ಕರೆದರು. ಹೋದೆ, ಒಂದು ಕೀರ್ತನೆ ಓದಿದೆ, ಪ್ರಾರ್ಥನೆ ಮಾಡಿದೆ. ಎದ್ದು ಹೊರಡುವಾಗ ಆ ತಾಯಿ ಕೇಳಿದರು: "ಅಣ್ಣಾ, ದೀಕ್ಷಾಸ್ನಾನ ಆಗಿರಲಿಲ್ಲವಲ್ಲ. ನನ್ನ ಮಗು ಈಗ ಎಲ್ಲಿದೆ?"

ನಾನು "ಎಲ್ಲಾ ದೇವರ ಚಿತ್ತ" ಅಂದೆ. ಅದು ಉತ್ತರ ಅಲ್ಲ ಅಂತ ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಚಪ್ಪಲಿ ಹಾಕಿಕೊಂಡು ತಲೆ ತಗ್ಗಿಸಿ ಬಂದೆ.

ಆ ಪ್ರಶ್ನೆ ಸಭೆಗೆ ಹೊಸದಲ್ಲ ಅಂತ ಆಮೇಲೆ ತಿಳಿಯಿತು. ಐದನೇ ಶತಮಾನದಲ್ಲಿ ಬಿಷಪ್ ಅಗಸ್ಟೀನ್ ಕೊಟ್ಟ ಉತ್ತರ ಬಹಳ ಕಠಿಣ: ದೀಕ್ಷಾಸ್ನಾನವಿಲ್ಲದೆ ಹೋದ ಶಿಶುವಿಗೂ ಶಿಕ್ಷೆ ಇದೆ, ಆದರೆ ಎಲ್ಲಕ್ಕಿಂತ ಹಗುರವಾದದ್ದು. ಮಧ್ಯಯುಗದ ಪಂಡಿತರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ನೋವೂ ಇಲ್ಲ, ದೇವರ ದರ್ಶನವೂ ಇಲ್ಲ ಎನ್ನುವಂಥ ಲಿಂಬೊ ಎಂಬ ಸ್ಥಿತಿಯನ್ನು ಊಹಿಸಿದರು. ವಿಶ್ವಾಸಿಗಳ ಮಕ್ಕಳನ್ನು ದೇವರು ಹುಟ್ಟುವ ಮೊದಲೇ ತನ್ನವರೆಂದು ಒಪ್ಪಿಕೊಂಡಿದ್ದಾನೆ, ನೀರು ತಡವಾಯಿತೆಂದು ಆತ ಕೈಬಿಡುವುದಿಲ್ಲ ಎಂಬುದು ಹದಿನಾರನೇ ಶತಮಾನದ ಸುಧಾರಕ ಕ್ಯಾಲ್ವಿನ್ ವಾದ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದನ್ನೇ ಕೂತು ಚರ್ಚಿಸಿ, ಅಂಥ ಮಕ್ಕಳು ರಕ್ಷಣೆ ಹೊಂದುತ್ತಾರೆಂದು ಭರವಸೆ ಇಡಲು ಗಟ್ಟಿಯಾದ ಕಾರಣಗಳಿವೆ ಎಂದು ಬರೆಯಿತು.

ಇಷ್ಟನ್ನೂ ಆ ದಿನ ಆ ತಾಯಿಯ ಮುಂದೆ ಹೇಳಬೇಕಿತ್ತು ಅಂತ ಅಲ್ಲ. ಸಾವಿನ ಮನೆಯಲ್ಲಿ ಇತಿಹಾಸ ಯಾರಿಗೆ ಬೇಕು? ಆದರೆ ಇದು ಗೊತ್ತಿದ್ದರೆ "ನಿಮ್ಮ ಮಗು ದೇವರ ಕೈಯಲ್ಲಿದೆ" ಅನ್ನುವ ಒಂದೇ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೆ. ಗೊತ್ತಿಲ್ಲದವನ ಬಾಯಲ್ಲಿ ಅದೇ ಮಾತು ಬರೀ ಸಮಾಧಾನಕ್ಕೆ ಹೇಳಿದಂತೆ ಕೇಳಿಸುತ್ತದೆ.

ಆಮೇಲೆ ನಾನೇ ಹುಡುಕಿಕೊಂಡು ಒಂದು ತರಬೇತಿಗೆ ಸೇರಿದೆ. ಮೂರು ದಿನ, ಹನ್ನೊಂದು ವಿಷಯ. ಮೊದಲ ದಿನ ಊಟದ ಹೊತ್ತಿಗೆ ಆದಿಕಾಂಡದಿಂದ ಮಲಾಕಿಯವರೆಗೆ ಮುಗಿದಿತ್ತು. ಯೆಶಾಯನಿಗೆ ಸಿಕ್ಕಿದ್ದು ಏಳು ನಿಮಿಷ, ನಾನು ಗಡಿಯಾರ ನೋಡಿದ್ದೆ. ಪಾಠ ಮಾಡಿದವರು ಒಳ್ಳೆಯವರು, ಓದಿಕೊಂಡವರು. ಆದರೆ ಸೆಮಿನರಿಯಲ್ಲಿ ತಾವು ಬರೆದುಕೊಂಡ ನೋಟ್ಸನ್ನೇ ಹಿಂಡಿ ತಂದಿದ್ದರು. ಪರದೆಯ ಮೇಲೆ ಒಂದಾದ ಮೇಲೊಂದು ಸ್ಲೈಡ್ ಓಡಿದವು. ಪ್ರಶ್ನೆಗೆ ಕೊನೆಯ ದಿನ ಹದಿನೈದು ನಿಮಿಷ ಇಟ್ಟಿದ್ದರು, ಅದನ್ನೂ ಗ್ರೂಪ್ ಫೋಟೊ ತಿಂದುಹಾಕಿತು. ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು. ನನ್ನದು ಪ್ಲಾಸ್ಟಿಕ್ ಫೈಲಿನಲ್ಲಿ ಇನ್ನೂ ಹೊಸದರಂತೆ ಇದೆ. ನನ್ನ ಪ್ರಶ್ನೆಯೂ ಹಾಗೇ ಇತ್ತು.

ಆಮೇಲೆ ಸೇರಿದ ಎರಡನೇ ತರಬೇತಿಗೆ ಬ್ಯಾನರ್ ಇರಲಿಲ್ಲ. ಹನ್ನೆರಡು ಜನ, ಪ್ರತಿ ಬುಧವಾರ ಸಂಜೆ ಎರಡು ಗಂಟೆ, ಹತ್ತು ತಿಂಗಳು. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಓದಿ, ಪುಸ್ತಕದಲ್ಲಿರುವ ಪ್ರಶ್ನೆಗೆ ಉತ್ತರ ಬರೆದುಕೊಂಡು ಬರಬೇಕು. ಬರೆಯದೆ ಬಂದರೆ ಬೈಗುಳ ಇಲ್ಲ, ಆದರೆ ಸುಮ್ನೆ ಕೂತು ಕೇಳಬೇಕಷ್ಟೆ. ನಮ್ಮಲ್ಲಿ ಒಬ್ಬ ನರ್ಸ್, ಒಬ್ಬ ಲಾರಿ ಡ್ರೈವರ್, ಇಬ್ಬರು ಗೃಹಿಣಿಯರು, ಕಾಲೇಜು ಹುಡುಗಿ ಒಬ್ಬಳು ಇದ್ದರು. ಮತ್ತೆ ಇಬ್ಬರು ಪಾದ್ರಿಗಳು. ಪಾಠ ಹೇಳಲು ಬಂದವರಲ್ಲ, ನಮ್ಮ ಹಾಗೇ ಓದಲು ಬಂದವರು. ನಾನು ಈ ಪತ್ರ ಬರೆಯಲು ದೊಡ್ಡ ಕಾರಣ ಆ ಇಬ್ಬರು.

ಅಲ್ಲಿ ಏನು ಕಲಿತೆವು ಅಂತ ಎರಡು ಮೂರು ಉದಾಹರಣೆ ಕೊಡುತ್ತೇನೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿಯೇಕ ದೇವರ ಬಗ್ಗೆ ನಾನು ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಒಂದೇ ಹೋಲಿಕೆ ಹೇಳುತ್ತಿದ್ದೆ: ನೀರು, ಮಂಜುಗಡ್ಡೆ, ಆವಿ. ಒಂದೇ ವಸ್ತು, ಮೂರು ರೂಪ. ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತಿತ್ತು, ನನಗೂ ಹೆಮ್ಮೆ. ಒಬ್ಬನೇ ದೇವರು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ವೇಷ ಹಾಕುತ್ತಾನೆ ಎನ್ನುವ ಇದೇ ವಿಚಾರವನ್ನು ಮೂರನೇ ಶತಮಾನದಲ್ಲಿ ಸಬೆಲ್ಲಿಯಸ್ ಎಂಬವನು ಹೇಳಿದ್ದ, ಸಭೆ ಅದನ್ನು ತಪ್ಪೆಂದು ತಳ್ಳಿಹಾಕಿತ್ತು ಎಂದು ಒಂದು ಬುಧವಾರ ಗೊತ್ತಾಯಿತು. ಯೇಸು ನೀರಲ್ಲಿ ನಿಂತಿರುವಾಗಲೇ ತಂದೆಯ ದನಿ ಕೇಳಿಸಿ, ಆತ್ಮನು ಪಾರಿವಾಳದಂತೆ ಇಳಿಯುವ ದೃಶ್ಯಕ್ಕೆ ನನ್ನ ಮಂಜುಗಡ್ಡೆ ಎಲ್ಲಿ ಹೊಂದುತ್ತದೆ? ಅಂದರೆ ನಾನು ಪ್ರತಿ ಭಾನುವಾರ ಮಕ್ಕಳಿಗೆ ಪಾಷಂಡವಾದ ಕಲಿಸುತ್ತಿದ್ದೆ, ಅದೂ ನಗುನಗುತ್ತಾ. ತರಗತಿಯಲ್ಲಿ ನಕ್ಕು ನಕ್ಕು ಸಾಕಾಯಿತು. ಲಾರಿ ಡ್ರೈವರ್ ಇಂದಿಗೂ ನನ್ನನ್ನು "ಏನ್ ಸಬೆಲ್ಲಿಯಸ್ಸೂ" ಅಂತಲೇ ಕರೆಯುತ್ತಾರೆ.

ಇನ್ನೊಂದು, ಯೆರೆಮೀಯ 29:11. ನಿಮಗಾಗಿ ನನ್ನಲ್ಲಿರುವ ಯೋಚನೆಗಳು ಕೇಡಿಗಲ್ಲ, ಹಿತಕ್ಕೆ ಎನ್ನುವ ವಚನ. ಕ್ಯಾಲೆಂಡರಿನಲ್ಲಿ ಇರುತ್ತದೆ, ಶುಭಾಶಯ ಪತ್ರದಲ್ಲಿ ಇರುತ್ತದೆ, ಕೆಲಸದ ಸಂದರ್ಶನಕ್ಕೆ ಹೊರಟವರಿಗೆ ಮೊಬೈಲಿನಲ್ಲಿ ಬರುತ್ತದೆ. ಅದರ ಹಿಂದಿನ ವಚನವನ್ನು ಯಾರೂ ಕಳಿಸುವುದಿಲ್ಲ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸು ಕರೆತರುತ್ತೇನೆ ಅನ್ನುತ್ತದೆ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಮನೆ ನೋಡದೆಯೇ ಸಾಯುತ್ತಾರೆ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಪಟ್ಟಣಕ್ಕೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಿ ಎಂಬುದು ಅದರ ಸಾರ. ಇದನ್ನು ತಿಳಿದ ಮೇಲೆ ಆ ವಚನ ಸಣ್ಣದಾಗಲಿಲ್ಲ. ತಕ್ಷಣ ಏನೂ ಸರಿಯಾಗದವರಿಗೂ ಹೇಳಬಹುದಾದ ಮಾತಾಯಿತು.

ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಪಾಠದ ದಿನ ಮಾತಾಡಿದ್ದು ನರ್ಸ್. ಯೋಬನ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು, ಒಂದು ಮಾತೂ ಆಡಲಿಲ್ಲ. "ಅಲ್ಲಿಯವರೆಗೆ ಅವರು ಸರಿಯಾಗೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಆಸ್ಪತ್ರೆಗೆ ಬರುವ ಸಭೆಯವರೂ ಹಾಗೇ, ಎರಡು ನಿಮಿಷ ಸುಮ್ಮನಿರಲು ಅವರಿಗೆ ಆಗುವುದಿಲ್ಲ" ಅಂದರು. ಇಬ್ಬರೂ ಪಾದ್ರಿಗಳು ಅದನ್ನು ಬರೆದುಕೊಂಡರು. ನಾನಂತೂ ಬರೆದುಕೊಳ್ಳಬೇಕಿರಲಿಲ್ಲ, ಆ ಮಾತು ಎಲ್ಲಿಗೆ ತಾಗಿತು ಅಂತ ನನಗೆ ಗೊತ್ತು.

ಈಗ ನಿಮ್ಮಲ್ಲಿ ಕೆಲವರು "ಸರಿ ಕಣಪ್ಪಾ, ಆದರೆ ಇದು ದೈವಶಾಸ್ತ್ರ ಶಿಕ್ಷಣವಾ, ಸತ್ಯವೇದ ಅಧ್ಯಯನದ ಕೂಟವಾ" ಅಂತ ಕೇಳಬಹುದು. ಒಬ್ಬ ಹಿರಿಯರು ಕೇಳಿಯೂ ಇದ್ದಾರೆ. ಹಾಸ್ಟೆಲಿನಲ್ಲಿ ಇದ್ದುಕೊಂಡು ಮೂರು ನಾಲ್ಕು ವರ್ಷ ಓದಿದರೆ ಮಾತ್ರ ಶಿಕ್ಷಣ ಅನ್ನುವ ಯೋಚನೆ ಸಭೆಯ ವಯಸ್ಸಿಗೆ ಹೋಲಿಸಿದರೆ ಈಚಿನದು. ಪ್ರತಿ ಧರ್ಮಪ್ರಾಂತ್ಯಕ್ಕೂ ಒಂದು ಸೆಮಿನರಿ ಬೇಕೆಂದು ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ತೀರ್ಮಾನಿಸಿದ್ದು 1563ರಲ್ಲಿ. ಅದಕ್ಕೂ ಮುಂಚಿನ ಒಂದೂವರೆ ಸಾವಿರ ವರ್ಷ ಹೆಚ್ಚಿನ ಪಾದ್ರಿಗಳು ಮತ್ತೊಬ್ಬ ಪಾದ್ರಿಯ ಜೊತೆ ಇದ್ದು, ನೋಡಿ, ಮಾಡಿ ಕಲಿತರು. ಹಾಗಂತ ಸೆಮಿನರಿ ಬೇಡ ಅನ್ನುತ್ತಿಲ್ಲ. ಗ್ರೀಕ್, ಹೀಬ್ರೂ ಭಾಷೆಗಳು ಬುಧವಾರದ ಸಂಜೆ ಕಲಿಯುವಂಥವಲ್ಲ. ಆರು ವಾರದಲ್ಲಿ ಮೂಲ ಭಾಷೆ ಕಲಿಸುತ್ತೇವೆ ಅನ್ನುವವರನ್ನು ನಾನು ನಂಬುವುದೂ ಇಲ್ಲ. ನಮಗೆ ಸತ್ಯವೇದ ಅನುವಾದಿಸಿ ಕೊಡಲು, ಪಾಠದ ಪುಸ್ತಕ ಬರೆಯಲು ಆಳವಾಗಿ ಓದಿದವರು ಬೇಕೇ ಬೇಕು.

ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ನೀವೇ ನೂರು ಸಲ ಪ್ರಸಂಗ ಮಾಡಿರುತ್ತೀರಿ. ಅಪೊಲ್ಲೋಸ ದೊಡ್ಡ ವಾಗ್ಮಿ, ಶಾಸ್ತ್ರ ಬಲ್ಲವನು. ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಗುಡಾರ ಮಾಡಿ ಬದುಕುತ್ತಿದ್ದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದರು. ಅಲ್ಲಿ ವಿದ್ಯಾರ್ಥಿ ಪ್ರಸಂಗಿ, ಗುರುಗಳು ಕೈಕೆಲಸದವರು. ನನ್ನ ಪಾಲಿಗೆ ಮೊದಲ ಅಲ್ಪಾವಧಿ ತರಬೇತಿ ಅದೇ. ಎಷ್ಟು ದಿನ ನಡೆಯಿತೋ ಬರೆದಿಲ್ಲ, ಸರ್ಟಿಫಿಕೇಟ್ ಕೊಟ್ಟ ಸುದ್ದಿಯೂ ಇಲ್ಲ.

ನಮ್ಮ ಬುಧವಾರದ ಪದ್ಧತಿಯೂ ನಾವು ಕಂಡುಹಿಡಿದದ್ದಲ್ಲ. 1963ರಲ್ಲಿ ಗ್ವಾಟೆಮಾಲಾ ದೇಶದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು ಇದನ್ನು ಶುರುಮಾಡಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೆಂಡತಿ ಮಕ್ಕಳು, ಹೊಲ ಮನೆ ಇದ್ದವರು. ಅವರು ಎಲ್ಲ ಬಿಟ್ಟು ಹಾಸ್ಟೆಲಿಗೆ ಬರುವಂತಿರಲಿಲ್ಲ. ಬರಬಲ್ಲ ಹುಡುಗರು ಓದು ಮುಗಿಸಿ ಹಳ್ಳಿಗೆ ಹಿಂತಿರುಗುವುದು ಕಷ್ಟ. ಹಾಗಾಗಿ ರಾಲ್ಫ್ ವಿಂಟರ್, ಜೇಮ್ಸ್ ಎಮರಿ, ರಾಸ್ ಕಿನ್ಸ್ಲರ್ ಮುಂತಾದವರು ಸೆಮಿನರಿಯನ್ನೇ ಅವರಿದ್ದಲ್ಲಿಗೆ ಒಯ್ದರು. ಮನೆಯಲ್ಲಿ ಓದು, ವಾರಕ್ಕೊಮ್ಮೆ ಹತ್ತಿರದ ಜಾಗದಲ್ಲಿ ಗುರುಗಳ ಜೊತೆ ಚರ್ಚೆ, ಓದಿದ್ದನ್ನು ತಮ್ಮ ಸಭೆಯಲ್ಲೇ ಬಳಸಿ ನೋಡುವುದು. ಇದನ್ನು ವಿಸ್ತರಣಾ ದೈವಶಾಸ್ತ್ರ ಶಿಕ್ಷಣ ಅನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ಲ್ಯಾಟಿನ್ ಅಮೆರಿಕಾ ದಾಟಿ ಆಫ್ರಿಕಾ, ಏಷ್ಯಾಕ್ಕೂ ಹರಡಿತು.

ಟೆಡ್ ವಾರ್ಡ್ ಎಂಬ ಶಿಕ್ಷಣ ತಜ್ಞರು ಇದಕ್ಕೆ ಬೇಲಿಯ ಹೋಲಿಕೆ ಕೊಟ್ಟರು. ಬೇಲಿಗೆ ಅಡ್ಡಲಾಗಿ ಎರಡು ಗಳ ಇರುತ್ತವೆ. ಒಂದು ಓದು, ಇನ್ನೊಂದು ಸಭೆಯಲ್ಲಿ ಮಾಡುವ ಕೆಲಸ. ಎರಡನ್ನೂ ಹಿಡಿದು ನಿಲ್ಲಿಸಲು ಅಲ್ಲಲ್ಲಿ ನೆಟ್ಟ ಕಂಬಗಳೇ ವಾರದ ಭೇಟಿ. ನನ್ನ ಮೂರು ದಿನದ ತರಬೇತಿಯಲ್ಲಿ ಓದಿನ ಗಳ ಮಾತ್ರ ಇತ್ತು. ಕಂಬ ಇಲ್ಲದ ಗಳ ನೆಲದ ಮೇಲೆ ಬಿದ್ದಿರುತ್ತದೆ, ಎಡವಿ ಬೀಳಲು ಅನುಕೂಲ.

ಅಮೆರಿಕದ ಸಿವಾನಿ ಎಂಬಲ್ಲಿರುವ ಎಪಿಸ್ಕೋಪಲ್ ಸಭೆಯ ವಿಶ್ವವಿದ್ಯಾಲಯ 1975ರಿಂದ ಜನಸಾಮಾನ್ಯರಿಗೆಂದೇ ನಾಲ್ಕು ವರ್ಷದ ಪಾಠಕ್ರಮ ನಡೆಸುತ್ತಿದೆ. ಮೊದಲ ವರ್ಷ ಹಳೆ ಒಡಂಬಡಿಕೆ, ಎರಡನೇ ವರ್ಷ ಹೊಸದು, ಮೂರನೇ ವರ್ಷ ಸಭೆಯ ಚರಿತ್ರೆ, ನಾಲ್ಕನೆಯದು ದೈವಶಾಸ್ತ್ರ. ಸಣ್ಣ ಗುಂಪು, ಒಬ್ಬ ಮಾರ್ಗದರ್ಶಿ. ಪಾಠದ ಜೊತೆಗೆ, ಗುಂಪಿನಲ್ಲಿ ಯಾರದೋ ಬದುಕಿನಲ್ಲಿ ನಡೆದ ಒಂದು ಘಟನೆಯನ್ನು ಎತ್ತಿಕೊಂಡು ಅದರ ಮೇಲೆ ವಿಶ್ವಾಸದ ಬೆಳಕಿನಲ್ಲಿ ಯೋಚಿಸುತ್ತಾರೆ. ನಾಲ್ಕು ವರ್ಷ ಅಂದರೆ ಅಲ್ಪಾವಧಿ ಅಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಒಂದೊಂದು ವರ್ಷವಾಗಿ ಮುಗಿಸಬಹುದು ಎಂಬುದು ನನಗೆ ಮುಖ್ಯ ಅನ್ನಿಸಿತು.

ಈಗ ಆ ಇಬ್ಬರು ಪಾದ್ರಿಗಳ ವಿಷಯ. ನಾನು ಲೆಕ್ಕದ ಮನುಷ್ಯ, ಲೆಕ್ಕ ಹಾಕಿ ತೋರಿಸುತ್ತೇನೆ. 25ನೇ ವಯಸ್ಸಿಗೆ ಒಬ್ಬರು ಸೇವೆಗೆ ಬಂದರು, 60ಕ್ಕೆ ನಿವೃತ್ತಿ ಅಂದುಕೊಳ್ಳಿ. ವರ್ಷಕ್ಕೆ 50 ಪ್ರಸಂಗದಂತೆ 35 ವರ್ಷಕ್ಕೆ 1750 ಪ್ರಸಂಗ. ಮದುವೆ, ಮರಣ, ಉಪವಾಸ ಕೂಟ ಬೇರೆ. ಇಷ್ಟಕ್ಕೆಲ್ಲ ಬಂಡವಾಳ ಸೆಮಿನರಿಯ ಮೂರು ನಾಲ್ಕು ವರ್ಷದ ಓದು. ಹೊಸದಾಗಿ ಏನೂ ತುಂಬದೆ ಯಾವ ಖಾತೆ ಅಷ್ಟು ವರ್ಷ ನಡೆಯುತ್ತದೆ, ಹೇಳಿ? ವರ್ಷಕ್ಕೊಮ್ಮೆ ಪಾದ್ರಿಗಳ ಸಮ್ಮೇಳನ ಇದೆ ಅನ್ನುತ್ತೀರಿ. ಅಲ್ಲಿ ವರ್ಗಾವಣೆಯ ಮಾತು ಜಾಸ್ತಿ, ಓದು ಕಡಿಮೆ ಅಂತ ಹೋಗಿಬಂದವರೇ ಹೇಳುತ್ತಾರೆ.

ನಮ್ಮ ತರಗತಿಗೆ ಬಂದಿದ್ದ ಹಿರಿಯ ಪಾದ್ರಿಯವರು ಮೊದಲ ಎರಡು ತಿಂಗಳು ಮಾತೇ ಆಡಲಿಲ್ಲ. ಜನರ ಮುಂದೆ ಗೊತ್ತಿಲ್ಲ ಅನ್ನುವುದು ಅವರಿಗೆ ಎಷ್ಟು ಕಷ್ಟವೋ ನಮಗೆ ಗೊತ್ತಾಗುವುದಿಲ್ಲ. ಮೂರನೇ ತಿಂಗಳಲ್ಲಿ ಒಂದು ಸಂಜೆ ಅವರೇ ಹೇಳಿದರು: "ನಾನು ಸೇವೆಗೆ ಬಂದು ಹದಿನಾಲ್ಕು ವರ್ಷ. ಪ್ರಕಟನೆ ಪುಸ್ತಕದಿಂದ ಒಂದು ಪ್ರಸಂಗವನ್ನೂ ಮಾಡಿಲ್ಲ. ಭಯ." ಯಾರೂ ನಗಲಿಲ್ಲ. ಕಾಲೇಜು ಹುಡುಗಿ, "ನಮಗೂ ಭಯ, ಅದಕ್ಕೇ ನೀವು ಹೇಳಿದರೆ ಚೆನ್ನಾಗಿತ್ತು" ಅಂದಳು. ಆಮೇಲೆ ನಾಲ್ಕು ವಾರ ಸತ್ಯವೇದದ ಆ ಕೊನೆಯ ಪುಸ್ತಕವನ್ನೇ ಓದಿದೆವು. ಹಿಂಸೆಯ ಕಾಲದಲ್ಲಿ ಏಳು ಸಭೆಗಳಿಗೆ ಬರೆದ ಪತ್ರ ಅಂತ ಓದಿದಾಗ ಮೃಗ, ಕೊಂಬು, ಸಂಖ್ಯೆಗಳ ಮಧ್ಯೆ ಧೈರ್ಯದ ಮಾತು ಕೇಳಿಸಿತು. ಲೋಕಾಂತ್ಯದ ದಿನಾಂಕ ಹೇಳುವ ವಿಡಿಯೊ ಯಾರಾದರೂ ಕಳಿಸಿದರೆ ಈಗ ನಮ್ಮ ಗುಂಪಿನವರು, ಯೇಸು ಬೇಗನೆ ಮರಳಿ ಬರುತ್ತಾನೆಂದು ಸಾರಿದ ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕೂತಿದ್ದರು, ಮರುದಿನ ಎಂದಿನಂತೆ ಸೂರ್ಯ ಹುಟ್ಟಿದ ಅಂತ ವಾಪಸು ಬರೆಯುತ್ತಾರೆ.

ಪಾದ್ರಿಗಳಿಗೆ ಒಂದು ತರಬೇತಿ, ಜನರಿಗೆ ಇನ್ನೊಂದು ಅಂತ ನೀವು ಬೇರೆ ಮಾಡುವುದರಲ್ಲೇ ತೊಂದರೆ ಇದೆ ಅಂತ ನನಗೆ ಅನ್ನಿಸುವುದು ಇದಕ್ಕೇ. ಜನರ ಪ್ರಶ್ನೆ ಪಾದ್ರಿಗಳಿಗೆ ಕೇಳಿಸುವುದಿಲ್ಲ, ಪಾದ್ರಿಗಳ ಕಷ್ಟ ಜನರಿಗೆ ಕಾಣುವುದಿಲ್ಲ. ಕ್ಯಾಥೊಲಿಕ್ ಸಭೆಯ 1983ರ ಕಾನೂನು ಸಂಹಿತೆಯಲ್ಲಿ ಈ ಇಬ್ಬರಿಗೂ ಜಾಗವಿದೆ. 229ನೇ ವಿಧಿ ಪ್ರಕಾರ ಪವಿತ್ರ ಶಾಸ್ತ್ರಗಳನ್ನು ಆಳವಾಗಿ ಕಲಿಯುವುದು ಜನಸಾಮಾನ್ಯರ ಹಕ್ಕು. 279ನೇ ವಿಧಿ ಪ್ರಕಾರ ಗುರುದೀಕ್ಷೆಯಾದ ಮೇಲೂ ಓದು ಮುಂದುವರಿಸುವುದು ಪಾದ್ರಿಗಳ ಕರ್ತವ್ಯ. ಹಕ್ಕು, ಕರ್ತವ್ಯ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಅಂತ ಮಾತ್ರ ನಾನು ಸೇರಿಸುತ್ತಿದ್ದೇನೆ.

ಅರೆಬರೆ ಓದಿದವರು ಸಭೆಯಲ್ಲಿ ಗಲಾಟೆ ಎಬ್ಬಿಸುತ್ತಾರೆ ಅನ್ನುವ ನಿಮ್ಮ ಭಯ ಸುಳ್ಳಲ್ಲ. ನಾಲ್ಕು ಶಬ್ದ ಕಲಿತು ಪ್ರಸಂಗಕ್ಕೆ ಅಂಕ ಹಾಕುವವರನ್ನು ನಾನೂ ನೋಡಿದ್ದೇನೆ. ಆದರೆ ಅಂಥವರು ಮೂರು ದಿನದ ತರಬೇತಿಯಿಂದಲೇ ಹೆಚ್ಚು ಬರುತ್ತಾರೆ. ಹತ್ತು ತಿಂಗಳು ಬೇರೆಯವರ ಜೊತೆ ಕೂತು ಓದಿದವರಿಗೆ ತಮಗೆ ಎಷ್ಟು ಗೊತ್ತಿಲ್ಲ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ.

ಜನರಿಗೆ ಎಲ್ಲವನ್ನೂ ಹೇಳಿದರೆ ವಿಶ್ವಾಸ ಅಲುಗಾಡುತ್ತದೆ ಅನ್ನುವ ಇನ್ನೊಂದು ಭಯದ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು, ಕ್ಷಮಿಸಿ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು, ಅಂದರೆ 16:9ರಿಂದ 20, ಸತ್ಯವೇದದ ಬಹಳ ಹಳೆಯ ಪ್ರತಿಗಳಾದ ನಾಲ್ಕನೇ ಶತಮಾನದ ಸೈನಾಯ್ಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಇಲ್ಲ. ನಿಮಗೆಲ್ಲ ಇದು ಸೆಮಿನರಿಯ ಮೊದಲ ವರ್ಷದ ವಿಷಯ. ನಮ್ಮ ಸಭೆಯ ಒಬ್ಬ ಹುಡುಗನಿಗೆ ಇದು ಗೊತ್ತಾದದ್ದು ಕ್ರೈಸ್ತರನ್ನು ಗೇಲಿ ಮಾಡುವ ಒಂದು ವಿಡಿಯೊದಿಂದ. ಅವನು ಬಂದು ಕೇಳಿದಾಗ ಆಗ ಸಭೆಯಲ್ಲಿದ್ದವರು, ನಾನೂ ಸೇರಿ, ಅಂಥದ್ದೆಲ್ಲ ನೋಡಬೇಡ ಅಂದೆವು. ಅವನು ನೋಡುವುದನ್ನು ನಿಲ್ಲಿಸಲಿಲ್ಲ, ಸಭೆಗೆ ಬರುವುದನ್ನು ನಿಲ್ಲಿಸಿದ. ಆ ವಚನಗಳಿಲ್ಲದಿದ್ದರೂ ಖಾಲಿ ಸಮಾಧಿ ಅಲ್ಲೇ ಇದೆ, ಹೆಂಗಸರು ನಡುಗುತ್ತಾ ಓಡಿದ್ದು ಅಲ್ಲೇ ಇದೆ ಅಂತ ಅವನಿಗೆ ನಮ್ಮ ಬಾಯಿಂದ ಮೊದಲೇ ಕೇಳಿಸಿದ್ದರೆ? ನಿಮಗೆ ಗೊತ್ತಿದ್ದೂ ನಮಗೆ ಹೇಳಲಿಲ್ಲ ಅನ್ನುವುದೇ ಅವನ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದು ಅಲ್ವಾ?

ಹಾಗಾದರೆ ಏನು ಮಾಡಬೇಕು? ನನ್ನ ಆಸೆ ದೊಡ್ಡದಲ್ಲ. ಒಂದು ತರಬೇತಿಗೆ ಒಂದೇ ವಿಷಯ ಇಡಿ. ಮಾರ್ಕನ ಸುವಾರ್ತೆ 16 ಅಧ್ಯಾಯ, ಎಂಟು ವಾರ ಸಾಕು. ನೈಸೀಯ ವಿಶ್ವಾಸ ಪ್ರಮಾಣವನ್ನು ಪ್ರತಿ ವಾರ ಬಾಯಿಪಾಠ ಹೇಳುತ್ತೇವೆ. 325ರಲ್ಲಿ ಯಾವ ಜಗಳಕ್ಕೆ ಅದು ಹುಟ್ಟಿತು, 381ರಲ್ಲಿ ಏನು ಸೇರಿತು ಅಂತ ತಿಳಿಯಲು ಆರು ವಾರ ಕೊಡಿ. ಸಾವಿನ ಮನೆಗೆ, ಆಸ್ಪತ್ರೆಗೆ ಹೋಗುವವರಿಗೆ ಬೇರೆಯೇ ಒಂದು ಇರಲಿ, ಅದನ್ನು ನಮ್ಮ ನರ್ಸ್‌ನಂಥವರು ಪಾದ್ರಿಗಳ ಜೊತೆ ಸೇರಿ ನಡೆಸಲಿ. ಪುಸ್ತಕ ಮನೆಮಾತಿನಲ್ಲಿರಲಿ. ಅನುವಾದವಾಗದ ಶಬ್ದ ಬಂದರೆ ಅದನ್ನು ಬಿಡಿಸಿ ಹೇಳಿ, ಅದರಿಂದ ಹೆದರಿಸಬೇಡಿ. ಹೊತ್ತು ಗೊತ್ತುಮಾಡುವಾಗ ಹೆಂಗಸರನ್ನು ಮೊದಲು ಕೇಳಿ. ಮನೆ ಬಿಟ್ಟು ಮೂರು ದಿನ ಬರಲಾಗದವರು ವಾರಕ್ಕೆ ಎರಡು ಗಂಟೆ ಹೇಗಾದರೂ ಹೊಂದಿಸಿಕೊಳ್ಳುತ್ತಾರೆ, ನಮ್ಮಲ್ಲಿ ಇಬ್ಬರು ಹಾಗೇ ಬಂದರು.

ಸರ್ಟಿಫಿಕೇಟ್ ವಿಷಯದಲ್ಲಿ ನನಗೆ ಹಟ ಇಲ್ಲ. ಮುಂದೆ ಡಿಪ್ಲೊಮಾ, ಪದವಿ ಓದುವವರಿಗೆ ಈ ತಿಂಗಳುಗಳು ಲೆಕ್ಕಕ್ಕೆ ಬರಲಿ, ಅದಕ್ಕೊಂದು ಕಾಗದ ಬೇಕಾದರೆ ಕೊಡಿ. ಪರೀಕ್ಷೆ ಮಾತ್ರ ಬೇರೆ ಥರ ಇರಲಿ. ನಮ್ಮ ಕೊನೆಯ ಪರೀಕ್ಷೆ ಒಂದು ಪ್ರಾರ್ಥನೆ ಬರೆಯುವುದಾಗಿತ್ತು. ಯಾವ ಸಂದರ್ಭಕ್ಕೆ ಅಂತ ನಾವೇ ಆರಿಸಿಕೊಳ್ಳಬೇಕು. ನಾನು ದೀಕ್ಷಾಸ್ನಾನಕ್ಕೆ ಮುಂಚೆ ತೀರಿಕೊಂಡ ಮಗುವಿನ ಮನೆಯಲ್ಲಿ ಮಾಡುವ ಪ್ರಾರ್ಥನೆ ಬರೆದೆ. ಒಂದೂವರೆ ಪುಟ ಆಯಿತು. ನರ್ಸ್ ಓದಿ, ಪೆನ್ಸಿಲಿನಿಂದ ಒಂದು ಪುಟ ಹೊಡೆದುಹಾಕಿದರು. ಉಳಿದದ್ದು ಎಂಟು ಸಾಲು. ಅದನ್ನು ಮಡಚಿ ನನ್ನ ಸತ್ಯವೇದದಲ್ಲಿ ಇಟ್ಟುಕೊಂಡಿದ್ದೇನೆ.

ಆ ಹನ್ನೆರಡು ಜನರಲ್ಲಿ ನಾಲ್ವರು ಈಗ ಹೊಸ ಗುಂಪು ನಡೆಸಲು ತಯಾರಿದ್ದೇವೆ. ಹಿರಿಯ ಪಾದ್ರಿಯವರೂ ಜೊತೆಗಿದ್ದಾರೆ. ಹದಿಮೂರು ಹೆಸರು ಬಂದಿವೆ. ಹಳೆಯ ಜಾಗ ಈಗ ಸಿಗುವುದಿಲ್ಲ. ಸಭೆಯ ಹಾಲ್ ಬುಧವಾರ ಸಂಜೆ ಖಾಲಿ ಇರುತ್ತದೆ, ಆದರೆ ಸಭಾ ಚಟುವಟಿಕೆ ಎಂದು ಸಮಿತಿ ಒಪ್ಪದೆ ಬಾಗಿಲು ತೆಗೆಯುವಂತಿಲ್ಲವಂತೆ. ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಆರರಿಂದ ಎಂಟರವರೆಗೆ ಸಾಕು. ಕುರ್ಚಿಗಳನ್ನು ನಾವೇ ಜೋಡಿಸಿ, ನಾವೇ ಎತ್ತಿಡುತ್ತೇವೆ. ಬೀಗದ ಕೈ ಯಾರ ಹತ್ತಿರ ಇಸಿದುಕೊಳ್ಳಬೇಕು ಅಂತ ದಯವಿಟ್ಟು ತಿಳಿಸಿ.

ಇಂತಿ,
ಮೂರನೇ ಸಾಲಿನಲ್ಲಿ ಕೂರುವ ಒಬ್ಬ ವಿಶ್ವಾಸಿ